ಆನೆ ನೋಡುವ ಕನ್ನಡಕ

ನನ್ನ ಮೇಜಿನ ಖಾನೆಯಲ್ಲಿ ಎರಡು ಕನ್ನಡಕಗಳಿವೆ. ಒಂದು ನನ್ನದು; ಅದು ಖಾನೆಯಲ್ಲಿರುವುದಕ್ಕಿಂತ ನಾನು ಹುಡುಕದಿರುವ ಜಾಗಗಳಲ್ಲಿ ಇರುವುದೇ ಹೆಚ್ಚು. ಇನ್ನೊಂದು ದುಂಡು ಗಾಜಿನ, ತಂತಿ ಕಡ್ಡಿಯ ಹಳೇ ಕನ್ನಡಕ. ಅದನ್ನು ಇದುವರೆಗೆ ಹಾಕಿಕೊಂಡದ್ದು ಒಬ್ಬರೇ ಒಬ್ಬರು, ಅದೂ ಒಂದೇ ಸಲ, ಅದೂ ಯಾರಿಗೆಂದು ಮಾಡಿಸಿದ್ದೋ ಅವರಲ್ಲ. ಮೊನ್ನೆ ಮೊಮ್ಮಗಳು ನನ್ನ ಕನ್ನಡಕ ಹುಡುಕಿಕೊಡುವ ನೆಪದಲ್ಲಿ ಖಾನೆಯನ್ನೆಲ್ಲ ಜಾಲಾಡಿ, ಇದನ್ನು ಎತ್ತಿ ಹಿಡಿದು, ಇದ್ಯಾವುದು ತಾತ ಎಂದು ಕೇಳಿದಳು. ಆನೆ ನೋಡುವುದಕ್ಕೆ ಮಾಡಿಸಿದ ಕನ್ನಡಕ ಎಂದೆ. ಅವಳು ನಂಬಲಿಲ್ಲ. ವಯಸ್ಸಾದವರು ನಿಜ ಹೇಳಿದರೆ ಮಕ್ಕಳಿಗೆ ತಮಾಷೆಯೆನಿಸುತ್ತದೆ, ತಮಾಷೆ ಮಾಡಿದರೆ ಪಾಪ ಮರೆವು ಎನಿಸುತ್ತದೆ. ನೀವಾದರೂ ನಂಬಿ ಕೇಳಿ.

ಅಪ್ಪ ಸರ್ವೆ ಆಫೀಸಿನಲ್ಲಿ ಟ್ರೇಸರ್ ಆಗಿದ್ದವರು. ಬೇರೆಯವರು ಬಿಸಿಲಲ್ಲಿ ಅಲೆದು ಅಳೆದು ತಂದ ನಕ್ಷೆಯ ಮೇಲೆ ತೆಳ್ಳನೆಯ ಬಟ್ಟೆ ಹಾಸಿ, ಕಪ್ಪು ಮಸಿಯಲ್ಲಿ ಗೆರೆ ತಪ್ಪದೆ ಇನ್ನೊಂದು ನಕ್ಷೆ ತೆಗೆಯುವ ಕೆಲಸ. ಅವರ ಪಾಲಿಗೆ ಬಂದದ್ದು ಬಂಡೀಪುರದ ಕಡೆಯ ಕಾಡು. ಹರೆಯದಲ್ಲಿ ಆ ಕಾಡಿನೊಳಗೆ ಇಳಿದವರು ನಿವೃತ್ತಿಯಾಗುವವರೆಗೆ ಹೊರಗೆ ಬರಲಿಲ್ಲ. ಕೂತದ್ದು ಮಾತ್ರ ಆಫೀಸಿನ ಕಿಟಕಿ ಪಕ್ಕದ ಸ್ಟೂಲಿನ ಮೇಲೆ. ನಿಜವಾಗಿ ಅವರು ಪ್ರಯಾಣ ಮಾಡಿದ್ದು ಮದ್ದೂರಿನವರೆಗೆ, ಅದೂ ನೆಂಟರ ಮದುವೆಗಳಿಗೆ. ಆದರೂ ರಾತ್ರಿ ಊಟಕ್ಕೆ ಕೂತಾಗ ಸಾರನ್ನದ ಮೇಲೆ ಬೆರಳಲ್ಲಿ ಗೆರೆ ಎಳೆದು, ಇಲ್ಲಿ ಹಳ್ಳ ದಾಟಬೇಕು, ಆಮೇಲೆ ಎಡಕ್ಕೊಂದು ದಾರಿ ಒಡೆಯುತ್ತದೆ, ಅದರ ಕೊನೆಗೆ ಕೆರೆ, ಸಾಯಂಕಾಲ ಆನೆ ನೀರಿಗೆ ಬರುವುದು ಅಲ್ಲಿಯೇ ಎಂದು ಹೇಳುತ್ತಿದ್ದರು. ನಮ್ಮ ಚಾಮರಾಜಪೇಟೆಯ ಮನೆಯಲ್ಲಿ ನಾವೆಲ್ಲ ಆ ಕೆರೆಗೆ ಎಷ್ಟೋ ಸಲ ಹೋಗಿ ಬಂದಿದ್ದೆವು. ಸಾರು ಹರಿದು ಹಳ್ಳ ತುಂಬಿಕೊಂಡರೆ ಅಮ್ಮ ಇನ್ನೊಂದಿಷ್ಟು ಅನ್ನ ಬಡಿಸುತ್ತಿದ್ದಳು.

ನಿವೃತ್ತಿಯಾದ ಸ್ವಲ್ಪ ದಿನಕ್ಕೆ ಅಪ್ಪನಿಗೆ ಬಾಗಿಲ ಚೌಕಟ್ಟು ಭುಜಕ್ಕೆ ತಗುಲತೊಡಗಿತು. ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಕತ್ತಲೆ ಕೋಣೆಯಲ್ಲಿ ಬಹಳ ಹೊತ್ತು ನೋಡಿ, ಎಡಗಣ್ಣು ಆಗಲೇ ಹೋಗಿದೆ, ಬಲಗಣ್ಣೂ ಅದೇ ದಾರಿಯಲ್ಲಿದೆ, ತಡೆಯುವುದಕ್ಕೆ ಔಷಧವಿಲ್ಲ ಎಂದರು. ಮುಂದಿನ ಯುಗಾದಿಯವರೆಗೆ ದೊಡ್ಡ ವಸ್ತುಗಳು ಕಾಣಬಹುದು, ದೂರಕ್ಕೆ ಒಂದು ಕನ್ನಡಕ ಮಾಡಿಸಿಕೊಂಡರೆ ಇರುವಷ್ಟು ದಿನ ಉಪಯೋಗ ಎಂದು ಚೀಟಿ ಬರೆದುಕೊಟ್ಟರು. ಅಪ್ಪ ಮನೆಗೆ ಬಂದು ಕೋಟು ಬಿಚ್ಚಿ ಗೂಟಕ್ಕೆ ಹಾಕಿ, ರುಮಾಲು ತೆಗೆದಿಟ್ಟು, ಕಾಫಿ ಕುಡಿದು, ಲೋಟ ಕೆಳಗಿಟ್ಟ ಮೇಲೆ ಮಾತಾಡಿದರು.

“ಆ ಕಾಡು ಒಂದ್ಸಲ ನೋಡ್ಬಿಡ್ತೀನಿ. ದೊಡ್ಡ ವಸ್ತು ಕಾಣತ್ತಂತೆ. ಆನೆಗಿಂತ ದೊಡ್ಡದು ಯಾವುದಿದೆ?”

ಅಮ್ಮ ಲೋಟ ತೆಗೆದುಕೊಂಡು ಒಳಗೆ ಹೋದಳು.

ಕನ್ನಡಕ ತಯಾರಾಗಿ ಬಂತು. ಅಂಗಡಿಯಿಂದ ತಂದವನು ನಾನೇ. ಅಪ್ಪ ಪೆಟ್ಟಿಗೆ ತೆರೆದು ಸವರಿ ನೋಡಿ ಮತ್ತೆ ಮುಚ್ಚಿಟ್ಟರು. ಹಾಕಿಕೊಳ್ಳಿ ಎಂದರೆ, ಚಾಮರಾಜಪೇಟೆ ನೋಡುವುದಕ್ಕೆ ಹೊಸ ಕನ್ನಡಕ ಯಾಕೆ, ಇದು ಆನೆಗೆ ಎಂದರು. ಹೊಸ ಪಂಚೆಯನ್ನು ಹಬ್ಬದವರೆಗೆ ಉಡದೆ ಇಡುವ ಜನ ನಾವು. ಯಾರಿಗೂ ಅದು ವಿಚಿತ್ರವಾಗಿ ಕಾಣಲಿಲ್ಲ.

ಇನ್ನು ಹೋಗುವುದು ಹೇಗೆ? ಅಪ್ಪನ ಹಳೇ ಸಾಹೇಬರೊಬ್ಬರು ಬಂದೂಕು ಇಲ್ಲದೆ ಕಾಡಿಗೆ ಹೋಗಿ ಪ್ರಾಣಿಗಳನ್ನು ಸುಮ್ಮನೆ ನೋಡಿಕೊಂಡು ಬರುತ್ತಿದ್ದರಂತೆ. ಅದಕ್ಕೆ ಸಫಾರಿ ಎನ್ನುತ್ತಾರೆ ಎಂದು ಅಪ್ಪ ನಮಗೆಲ್ಲ ಪಾಠ ಮಾಡಿದರು. ಅಮ್ಮ ಬಹಳ ಗಮನವಿಟ್ಟು ಕೇಳಿ, ಅಲ್ಲಿ ಹೋಗಿ ಮಾಡುವುದೇನು ಎಂದಳು. ನೋಡುವುದು ಎಂದರು ಅಪ್ಪ. ನೋಡಿ? ನೋಡಿ ಬರುವುದು. ಆನೆ ಬರದಿದ್ದರೆ? ಅಪ್ಪ ಎದ್ದು ಜಗಲಿಗೆ ಹೋದರು. ಅಮ್ಮನ ಪ್ರಶ್ನೆಗಳೆಲ್ಲ ಹೀಗೆ ನೆಟ್ಟಗಿರುತ್ತಿದ್ದವು, ಉತ್ತರಗಳೂ ಅಷ್ಟೇ. ಅವಳಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಎದುರು ಮನೆಯ ಸುಬ್ಬಣ್ಣನವರು, ಪೋಸ್ಟ್‌ಮಾಸ್ಟರಾಗಿ ನಿವೃತ್ತರಾದವರು, ದಿನವೂ ಪಗಡೆಗೆ ಕರೆಯಲು ಬರುತ್ತಿದ್ದರು. ಒಮ್ಮೆ ಬೇಸರವಾಗಿ ಅಪ್ಪ ನಡುಮನೆಯ ಬಾಗಿಲ ಹಿಂದೆ ನಿಂತು, ಇಲ್ಲ ಎಂದು ಹೇಳು ಎಂದು ಸನ್ನೆ ಮಾಡಿದ್ದರು. ಅಮ್ಮ ಹೊರಗೆ ಹೋಗಿ, “ಇದಾರೆ, ಬಾಗಿಲ ಹಿಂದೆ ನಿಂತಿದಾರೆ, ಇಲ್ಲ ಅನ್ನು ಅಂದ್ರು” ಎಂದು ಹೇಳಿ ಬಂದಳು. ಆ ದಿನ ಅಪ್ಪ ಸುಬ್ಬಣ್ಣನವರ ಹತ್ತಿರ ಆಟದಲ್ಲೂ ಸೋತರು.

ಮನೆಯಲ್ಲಿ ಇನ್ನೊಬ್ಬರು ನನ್ನ ಸೋದರತ್ತೆ, ಅಪ್ಪನ ಅಕ್ಕ. ಪಂಚಾಂಗ ಅವರ ಕೈಯಲ್ಲಿತ್ತು, ಹಾಗಾಗಿ ಮನೆಯೂ ಅವರ ಕೈಯಲ್ಲಿತ್ತು. ಅತ್ತೆ ನೋಡಿದ್ದ ಆನೆಗಳೆಲ್ಲ ದೇವಸ್ಥಾನದವು, ಹಣೆಗೆ ನಾಮವಿದ್ದವು. ಕಾಡಿನ ಆನೆಗೂ ಒಂದು ಬಾಳೆಗೊನೆ, ಅಚ್ಚು ಬೆಲ್ಲ ಒಯ್ಯಬೇಕು, ಬರಿಗೈಯಲ್ಲಿ ಹೋಗಬಾರದು ಎಂದು ಪಟ್ಟು ಹಿಡಿದರು. ಅದು ಕೊಡುವುದಕ್ಕೆ ಹತ್ತಿರ ಬರುವ ಆನೆಯಲ್ಲ ಅಕ್ಕ ಎಂದು ಅಪ್ಪ ಹೇಳಿದರೆ, ಹತ್ತಿರ ಬರದ ಆನೆ ನೋಡಲು ಅಷ್ಟು ದೂರ ಯಾಕೆ ಹೋಗಬೇಕು ಎಂದರು. ನನಗೂ ಆ ಕ್ಷಣ ಅದು ಸರಿಯೆನಿಸಿತು. ಆ ತಿಂಗಳೆಲ್ಲ ಯಾರು ಏನು ಹೇಳಿದರೂ ನನಗೆ ಸರಿಯೆನಿಸುತ್ತಿತ್ತು, ಇನ್ನೊಬ್ಬರು ಹೇಳುವವರೆಗೆ.

ದಾರಿಯದು ಇನ್ನೊಂದು ಗೋಜಲು. ಅಪ್ಪನ ನಕ್ಷೆ ಕಾಡಿನ ಗಡಿಯಿಂದ ಶುರುವಾಗುತ್ತಿತ್ತು. ಒಳಗೆ ಎಲ್ಲಿ ತಿರುಗಬೇಕು, ಯಾವ ಹಳ್ಳ ದಾಟಬೇಕು ಎಲ್ಲ ಗೊತ್ತು. ಚಾಮರಾಜಪೇಟೆಯಿಂದ ಗಡಿಯವರೆಗೆ ಹೇಗೆ ಹೋಗಬೇಕೆಂದು ಗೊತ್ತಿಲ್ಲ. ಗಾಂಧಿಬಜಾರಿನ ಹೋಟೆಲಿನಲ್ಲಿ ಕೇಳಿದೆ. ಅಲ್ಲಿ ಕಾಫಿ ಕುಡಿಯುವವರಿಗೆ ಗೊತ್ತಿಲ್ಲದ ದಾರಿ ಈ ಲೋಕದಲ್ಲಿಲ್ಲ. ಒಬ್ಬರು ಮೈಸೂರು ರಸ್ತೆ ಎಂದರು, ಇನ್ನೊಬ್ಬರು ಕನಕಪುರದ ಮೇಲೆ ಹೋದರೆ ಹತ್ತಿರ ಎಂದರು, ಮತ್ತೊಬ್ಬರು ನಂಜನಗೂಡಿನಲ್ಲಿ ಬಾಳೆಹಣ್ಣು ಕೊಳ್ಳುವುದನ್ನು ಮರೆಯಬೇಡಿ ಎಂದರು. ಯಾರೂ ಆ ಕಡೆ ಹೋದವರಲ್ಲ ಎಂಬುದು ಬಿಲ್ಲು ಕೊಟ್ಟು ಹೊರಗೆ ಬಂದ ಮೇಲೆ ಹೊಳೆಯಿತು.

ವಾಹನ ಸಿಕ್ಕಿದ್ದು ಕಾಟನ್‌ಪೇಟೆಯಲ್ಲಿ. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಜೀಪುಗಳಲ್ಲಿ ಒಂದನ್ನು ಮಂಡಿ ರುದ್ರಪ್ಪನವರು ಕೊಂಡಿದ್ದರು. ಹಣೆತುಂಬ ವಿಭೂತಿಯ, ಮಾತಿಗೆ ಮುಂಚೆ ಮಜ್ಜಿಗೆ ಕೊಡುವ ದೊಡ್ಡ ವ್ಯಾಪಾರಿ. ಜೀಪಿಗೂ ಪ್ರತಿ ಸೋಮವಾರ ವಿಭೂತಿ ಬೀಳುತ್ತಿತ್ತು. ಬಾಡಿಗೆಗೆ ಕೊಡುವಾಗ ಡ್ರೈವರನನ್ನೂ ಕಳಿಸುವುದು ಅವರ ಪದ್ಧತಿ. ಆದರೆ ಡ್ರೈವರ್ ಬಂದರೆ ನಮ್ಮಲ್ಲಿ ಒಬ್ಬರಿಗೆ ಜಾಗವಿಲ್ಲ. ಅತ್ತೆಯನ್ನು ಬಿಡುವಂತಿಲ್ಲ, ಬಾಳೆಗೊನೆಯನ್ನೂ ಬಿಡುವಂತಿಲ್ಲ. ಆಗ ಎಲ್ಲರ ಕಣ್ಣೂ ನನ್ನ ಮೇಲೆ ಬಿತ್ತು. ನಾನು ಹೊಸದಾಗಿ ಲೈಸೆನ್ಸ್ ಪಡೆದಿದ್ದೆ. ಕಲಿತದ್ದು ಗೆಳೆಯನ ಮನೆಯ ಹಳೇ ಕಾರಿನಲ್ಲಿ, ಬಯಲಿನಲ್ಲಿ, ಎದುರಿಗೆ ಏನೂ ಬರದ ಕಡೆ.

ಜೀಪಿನ ಹತ್ತಿರ ಹೋಗಿ ಬಲಗಡೆ ಹತ್ತಿ ಕೂತರೆ ಹಿಡಿದುಕೊಳ್ಳಲು ಏನೂ ಇಲ್ಲ. ಸ್ಟೀರಿಂಗ್ ಚಕ್ರ ಎಡಗಡೆ ಇತ್ತು. ಅಮೆರಿಕದವರು ಹಾಗೆ ಮಾಡುತ್ತಾರಂತೆ. ರುದ್ರಪ್ಪನವರು ನನ್ನ ಮುಖವನ್ನೇ ನೋಡುತ್ತಿದ್ದರು.

“ಓಡ್ಸೋಕ್ ಬರತ್ತಾ ಸ್ವಾಮಿ?”

“ಬರತ್ತೆ. ಆದ್ರೆ ಆ ಕಡೆಯಿಂದ ಓಡ್ಸಿ ಅಭ್ಯಾಸ ಇಲ್ಲ.”

“ಏನಿಲ್ಲ, ಅಭ್ಯಾಸ ಆಗೋವಷ್ಟರಲ್ಲಿ ವಾಪಸ್ ತಂದ್ಕೊಡೋ ದಿನ ಬಂದಿರತ್ತೆ” ಎಂದು ಸಮಾಧಾನ ಹೇಳಿದರು. ಜೀಪು ಸ್ವಲ್ಪ ಎಡಕ್ಕೆ ಎಳೆಯುತ್ತದೆ, ಏರು ಕಂಡರೆ ನಿಲ್ಲುತ್ತದೆ, ಬಿಸಿಯಾದರೆ ನೀರು ಕೇಳುತ್ತದೆ ಎಂದು ಮನೆಯ ಎತ್ತನ್ನು ಬೇರೆಯವರ ಉಳುಮೆಗೆ ಕಳಿಸುವಂತೆ ಅದರ ಗುಣಗಳನ್ನೆಲ್ಲ ವಿವರಿಸಿದರು.

ಕಾಡಿನ ಬಂಗಲೆಯಲ್ಲಿ ಉಳಿಯಲು ಅಪ್ಪ ಹಳೇ ಪರಿಚಯದವರನ್ನು ಹಿಡಿದು ಅನುಮತಿ ಪಡೆದರು. ಸಿಕ್ಕಿದ್ದು ಒಂದೇ ರಾತ್ರಿ, ಒಂದು ಶನಿವಾರದ್ದು. ಆ ದಿನ ಕತ್ತಲಾಗುವುದರೊಳಗೆ ಗಡಿ ದಾಟಬೇಕು. ಜೀಪು ಭಾನುವಾರ ಸಂಜೆ ಕಾಟನ್‌ಪೇಟೆಗೆ ವಾಪಸ್ಸಾಗಬೇಕು. ಮತ್ತೆ ಯಾವಾಗ ಬಂಗಲೆ ಸಿಗುತ್ತದೋ, ಅಷ್ಟರಲ್ಲಿ ಅಪ್ಪನ ಕಣ್ಣು ಹೇಗಿರುತ್ತದೋ ಯಾರಿಗೂ ಗೊತ್ತಿರಲಿಲ್ಲ. ಅದನ್ನು ಬಾಯಿಬಿಟ್ಟು ಹೇಳದೆ ನಾವೆಲ್ಲ ಚಕ್ಕುಲಿ ಎಷ್ಟು, ಪುಳಿಯೋಗರೆ ಎಷ್ಟು ಎಂದು ಮಾತಾಡಿಕೊಂಡೆವು.

ಆಗ ಅತ್ತೆ ಪಂಚಾಂಗ ತೆಗೆದರು. ಶನಿವಾರ ಅಪ್ಪನ ನಕ್ಷತ್ರಕ್ಕೆ ಪ್ರಯಾಣ ಕೂಡದು. ಅದರ ಹಿಂದಿನ ಬುಧವಾರ ಬೆಳಗ್ಗೆ ಬಹಳ ಚೆನ್ನಾಗಿದೆ. ಬುಧವಾರ ಹೊರಟು ಶನಿವಾರದ ತನಕ ಎಲ್ಲಿರುವುದು? ಇದಕ್ಕೆ ನಮ್ಮ ಹಿರಿಯರು ಒಂದು ಉಪಾಯ ಮಾಡಿಟ್ಟಿದ್ದಾರೆ, ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ಅದಕ್ಕೆ ಪ್ರಸ್ಥಾನ ಇಡುವುದು ಎನ್ನುತ್ತಾರೆ. ಒಳ್ಳೆಯ ಮುಹೂರ್ತದಲ್ಲಿ ಪ್ರಯಾಣಕ್ಕೆ ಬೇಕಾದ ಒಂದೆರಡು ವಸ್ತುಗಳನ್ನು ಗಂಟು ಕಟ್ಟಿ ಬೇರೆಯವರ ಮನೆಯಲ್ಲಿ ಇಟ್ಟುಬಿಡುವುದು. ಗಂಟು ಹೊರಟಿತು ಎಂದರೆ ಮನುಷ್ಯ ಹೊರಟ ಹಾಗೆ. ಆಮೇಲೆ ಅನುಕೂಲವಾದ ದಿನ ಆ ಗಂಟನ್ನು ತೆಗೆದುಕೊಂಡು ಮುಂದೆ ನಡೆದರಾಯಿತು. ನನ್ನ ಚಿಕ್ಕಪ್ಪನೊಬ್ಬ ತನ್ನ ಕೊಡೆಯನ್ನು ಪಕ್ಕದ ಮನೆಯಲ್ಲಿ ಪ್ರಸ್ಥಾನವಿಟ್ಟು, ಮಳೆ ಬಂದು, ಪ್ರಯಾಣವನ್ನೇ ಕೈಬಿಟ್ಟ ಕತೆ ನಮ್ಮ ಕಡೆ ಈಗಲೂ ಹೇಳುತ್ತಾರೆ. ಅತ್ತೆಯ ಪ್ರಕಾರ ಇದಕ್ಕೆ ಎರಡು ನಿಯಮ. ಹೊರಟ ಗಂಟು ಪ್ರಯಾಣವಾಗದೆ ಮನೆಯೊಳಕ್ಕೆ ಬರಬಾರದು. ಊರ ಸೀಮೆ ದಾಟುವ ತನಕ ಅದನ್ನು ಬಿಚ್ಚಬಾರದು.

ಗಂಟಿನಲ್ಲಿ ಒಂದು ಪಂಚೆ, ಒಂದು ಉತ್ತರೀಯ, ಒಂದು ಸಣ್ಣ ತಂಬಿಗೆ ಇಟ್ಟರು. ಕಟ್ಟುವ ಹೊತ್ತಿಗೆ ಅಪ್ಪ ಬಂದು ಕನ್ನಡಕದ ಪೆಟ್ಟಿಗೆಯನ್ನೂ ಅದರಲ್ಲಿಟ್ಟರು. ಮುಖ್ಯವಾದ ವಸ್ತು ಮೊದಲೇ ಹೊರಟುಬಿಟ್ಟರೆ ಮರೆಯುವ ಭಯವಿಲ್ಲ ಎಂದರು. ಅವರ ಮುಂದಾಲೋಚನೆಯನ್ನು ನಾವೆಲ್ಲ ಹೊಗಳಿದೆವು. ಬುಧವಾರ ಬೆಳಗ್ಗೆ ಗಂಟು ರಸ್ತೆ ದಾಟಿ ಸುಬ್ಬಣ್ಣನವರ ಮನೆ ಸೇರಿತು. ಅವರೂ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಮಣೆಯ ಮೇಲೆ ಕೂರಿಸಿದರು.

ಶನಿವಾರ ಬೆಳಕು ಹರಿಯುವ ಮುಂಚೆ ಜೀಪು ತುಂಬಿತು. ನಾನು ಎಡಗಡೆ, ಅಪ್ಪ ನನ್ನ ಬಲಗಡೆ, ಹಿಂದೆ ಅಮ್ಮ, ಅತ್ತೆ, ಕುಡಿಯುವ ನೀರಿನ ತಾಮ್ರದ ಕೊಡ, ಬಾಳೆಗೊನೆ. ಗಂಟು ತರಲು ಎದುರು ಮನೆಗೆ ಹೋದೆ. ಬೀಗ ಹಾಕಿತ್ತು.

ಹಿಂದಿನ ಸಂಜೆ ನಾವೆಲ್ಲರೂ ಜೀಪು ತರಲು ಹೋಗಿದ್ದಾಗ ಮಲ್ಲೇಶ್ವರದಿಂದ ಆಳು ಬಂದು, ಮಗಳಿಗೆ ಹೆರಿಗೆ ನೋವು ಎಂದು ಗಂಡಹೆಂಡತಿಯನ್ನು ಕರೆದುಕೊಂಡು ಹೋಗಿದ್ದನಂತೆ. ಪಕ್ಕದ ಮನೆಯವರು ಹೇಳಿದರು. ಕನ್ನಡಕವಿಲ್ಲದೆ ಹೋಗೋಣವೇ ಎಂದು ಒಂದು ಕ್ಷಣ ನನಗೆ ಅನಿಸಿತು. ಅಪ್ಪನ ಮುಖ ನೋಡಿದೆ. ಅವರು ನನ್ನ ಕಡೆ ತಿರುಗಿದ್ದರು, ಆದರೆ ನನ್ನ ಕಿವಿಯ ಪಕ್ಕ ಎಲ್ಲಿಯೋ ನೋಡುತ್ತಿದ್ದರು. ಮಲ್ಲೇಶ್ವರಕ್ಕೆ ಹೋಗಿ ಬೀಗದ ಕೈ ತರೋಣ, ಎಷ್ಟು ಹೊತ್ತಿನ ಕೆಲಸ ಎಂದೆ. ದಕ್ಷಿಣಕ್ಕೆ ಹೋಗಬೇಕಾದ ಜೀಪು ಉತ್ತರಕ್ಕೆ ತಿರುಗಿತು.

ಆನಂದರಾವ್ ಸರ್ಕಲ್ಲಿನಲ್ಲಿ ಪೊಲೀಸಿನವನು ಕೈ ಅಡ್ಡ ಹಿಡಿದ. ನಾನು ನಿಲ್ಲಿಸಿದ್ದು ಅವನಿಗೆ ಸ್ವಲ್ಪ ಹೆಚ್ಚು ಹತ್ತಿರವಾಯಿತು. ಅವನು ಸುತ್ತಿಕೊಂಡು ಬಲಗಡೆಗೆ ಬಂದು, ಅಪ್ಪನನ್ನು ದುರುಗುಟ್ಟಿ ನೋಡಿ, “ಏನ್ ಯಜಮಾನ್ರೇ, ಎದುರಿಗಿರೋರು ಕಾಣಲ್ವಾ?” ಎಂದ.

“ಇಲ್ಲಪ್ಪ, ಕಾಣಲ್ಲ” ಎಂದರು ಅಪ್ಪ, ಬಹಳ ಮರ್ಯಾದೆಯಿಂದ. “ಒಂದು ಕಣ್ಣು ಪೂರ್ತಿ ಹೋಗಿದೆ. ಇನ್ನೊಂದು ಹೋಗ್ತಾ ಇದೆ.”

ಪೊಲೀಸಿನವನು ಅಪ್ಪನ ಖಾಲಿ ಕೈಗಳನ್ನು ನೋಡಿದ, ಮಡಿಲು ನೋಡಿದ, ಚಕ್ರ ಎಲ್ಲಿ ಹೋಯಿತೆಂದು ಬಗ್ಗಿ ಕಾಲ ಕೆಳಗೂ ನೋಡಿದ. ಆಮೇಲೆ ಈ ಕಡೆ ನನ್ನನ್ನು ಕಂಡ. ಹಿಂದಿನಿಂದ ಅತ್ತೆ ಒಂದು ಬಾಳೆಹಣ್ಣು ಕಿತ್ತು ಅವನ ಕೈಗೆ ಕೊಟ್ಟರು. ಅವನು ಅದನ್ನು ಹಿಡಿದುಕೊಂಡೇ ನಮಗೆ ದಾರಿ ಬಿಟ್ಟ. ಆನೆಗೆಂದು ತಂದ ಗೊನೆಯ ಮೊದಲ ಹಣ್ಣು ಹೋದದ್ದು ಹೀಗೆ.

ಶೇಷಾದ್ರಿಪುರದ ಏರಿನಲ್ಲಿ ಜೀಪು ಹಬೆ ಬಿಟ್ಟು ನಿಂತಿತು. ಅಮ್ಮ ಸ್ನಾನ ಮಾಡಿ ಮಡಿಯಲ್ಲಿ ತುಂಬಿ ತಂದಿದ್ದ ಕೊಡದ ನೀರನ್ನೆಲ್ಲ ಅದು ಕುಡಿಯಿತು. ಆರಲಿ ಎಂದು ಕಾಯುತ್ತ ನಾವು ರಸ್ತೆ ಪಕ್ಕದಲ್ಲಿ ಕೂತು ಕಾಡಿನ ಕೆರೆಯ ದಡಕ್ಕೆಂದು ಕಟ್ಟಿಕೊಂಡಿದ್ದ ಪುಳಿಯೋಗರೆಯನ್ನು ತಿಂದೆವು. ಮಲ್ಲೇಶ್ವರದ ಮನೆ ಸೇರುವಾಗ ಬಿಸಿಲು ಬಲಿತಿತ್ತು. ಸುಬ್ಬಣ್ಣನವರು ಬಾಗಿಲಲ್ಲೇ ನಿಂತಿದ್ದವರು ಎರಡು ಕೈಯನ್ನೂ ಚಾಚಿ ಓಡಿಬಂದರು. ಬೆಳಗಿನ ಜಾವ ಗಂಡು ಮಗು ಹುಟ್ಟಿತ್ತು. ಮಗುವನ್ನು ನೋಡಲು ಸಂಸಾರ ಸಮೇತ ಜೀಪು ಮಾಡಿಕೊಂಡು, ಬಾಳೆಗೊನೆ ಹೇರಿಕೊಂಡು ಬಂದೆವೆಂದು ಅವರು ತಿಳಿದರು. ಅಷ್ಟು ಸಂತೋಷದಲ್ಲಿರುವ ಮನುಷ್ಯನಿಗೆ ಕನ್ನಡಕದ ವಿಷಯ ಹೇಗೆ ಹೇಳುವುದು? ನಾನು ಗೊನೆಯಲ್ಲಿ ಅರ್ಧ ಕೊಯ್ದು ಒಳಗೆ ಕೊಟ್ಟೆ. ಅತ್ತೆ ಪುರುಡಿನ ಮನೆ ಎಂದು ಜೀಪಿನಿಂದ ಇಳಿಯಲಿಲ್ಲ. ಅಮ್ಮ ಮಾತ್ರ ಒಳಗೆ ಹೋಗಿ ಮಗುವನ್ನು ನೋಡಿ, ನಾವು ಇದಕ್ಕೆ ಬಂದದ್ದಲ್ಲ, ಗಂಟಿಗೆ ಬಂದದ್ದು ಎಂದು ಹೇಳಿಬಂದಳು.

ಸುಬ್ಬಣ್ಣನವರ ಮುಖದಲ್ಲಿ ಹೆಮ್ಮೆ ಕಂಡಿತು. ಬೀಗದ ಕೈ ಬೇಡ, ಗಂಟು ಮನೆಯಲ್ಲಿಲ್ಲ ಎಂದರು. ಬೀಗ ಹಾಕಿದ ಮನೆಯಲ್ಲಿ ಇನ್ನೊಬ್ಬರ ಪ್ರಸ್ಥಾನವನ್ನು ದೀಪವಿಲ್ಲದೆ ಬಿಟ್ಟುಬರುವಷ್ಟು ತಿಳಿಯದವರೇ ಅವರು?

“ಪುರುಡಿನ ಮನೆಗೆ ತರೋ ಹಾಗಿಲ್ಲ. ಮೇಲಾಗಿ ನೀವು ಹೊರಟಿರೋದು ದಕ್ಷಿಣಕ್ಕೆ, ನಾವು ಬಂದಿದ್ದು ಉತ್ತರಕ್ಕೆ. ಹೊರಟ ಗಂಟನ್ನ ಹಿಂದಕ್ಕೆ ತರೋದುಂಟೇ? ಅದಕ್ಕೇ ರಾತ್ರೀನೇ ಆಳಿನ ಕೈಲಿ ಗವಿಪುರಕ್ಕೆ ಕಳಿಸ್ದೆ, ನನ್ನ ಭಾವಮೈದನ ಮನೆಗೆ. ನಿಮಗೆ ಅಷ್ಟು ದೂರ ಕಮ್ಮಿ ಆಯ್ತು ನೋಡಿ.”

ಅವರ ಮಾತಿನಲ್ಲಿ ತಪ್ಪು ಹುಡುಕಲು ನಾನು ಪ್ರಯತ್ನಪಟ್ಟೆ. ಸಿಗಲಿಲ್ಲ. ಅತ್ತೆ ಜೀಪಿನಲ್ಲಿ ಕೂತೇ ತಲೆದೂಗಿದರು. ಇಷ್ಟು ಶಾಸ್ತ್ರ ತಿಳಿದವರು ಈ ಕಾಲದಲ್ಲಿ ಎಲ್ಲಿ ಸಿಗುತ್ತಾರೆ ಎಂದರು. ಗಂಟು ನಮಗಿಂತ ಮುಂದೆ ಪ್ರಯಾಣ ಮಾಡುತ್ತಿತ್ತು. ನಾವು ಅದರ ಹಿಂದೆ ಅಲೆಯುತ್ತಿದ್ದೆವು.

ಗವಿಪುರ ಮುಟ್ಟುವಾಗ ಮಧ್ಯಾಹ್ನ. ಭಾವಮೈದುನನ ಹೆಂಡತಿ ಬಾಗಿಲು ತೆರೆದರು. ಗಂಟು ದೇವರ ಕೋಣೆಯಲ್ಲಿ, ರಂಗೋಲಿ ಹಾಕಿದ ಮಣೆಯ ಮೇಲೆ, ದೀಪದ ಪಕ್ಕ ಕೂತಿತ್ತು. ಆದರೆ ಇಸಿದುಕೊಂಡವರು ಯಜಮಾನರು, ಅವರ ಕೈಯಿಂದಲೇ ಕೊಡಬೇಕು, ಅವರು ಗವಿ ಗಂಗಾಧರೇಶ್ವರನಿಗೆ ಅಭಿಷೇಕ ಮಾಡಿಸಲು ಹೋಗಿದ್ದಾರೆ ಎಂದರು. ಅವರು ಬಂದರು. ಪ್ರಸ್ಥಾನ ತೆಗೆದುಕೊಳ್ಳಲು ಬಂದವರನ್ನು ಬರಿಹೊಟ್ಟೆಯಲ್ಲಿ ಕಳಿಸಿದರೆ ಮನೆಗೆ ಒಳ್ಳೆಯದಲ್ಲ ಎಂದು ಎಲೆ ಹಾಕಿಸಿದರು. ಅಪ್ಪ ನಿಧಾನವಾಗಿ, ತೃಪ್ತಿಯಾಗಿ ಊಟ ಮಾಡಿದರು. ನಾನು ಮಾತ್ರ ಅಂಗಳದ ನೆರಳನ್ನೇ ನೋಡುತ್ತಿದ್ದೆ. ಅದು ಗೋಡೆಯ ಮೇಲೆ ಏರುತ್ತಿತ್ತು.

ಕೊನೆಗೂ ಗಂಟು ಅಪ್ಪನ ಮಡಿಲಿಗೆ ಬಂದಾಗ ಹೊತ್ತು ಇಳಿಯತೊಡಗಿತ್ತು. ನಾನು ಜೀಪಿನ ಪಕ್ಕ ನಿಂತು, ಕತ್ತಲಾಗುವುದರೊಳಗೆ ಕಾಡು ಸೇರುವುದು ಆಗುವುದಿಲ್ಲ ಎಂದೆ.

“ಗೊತ್ತು ನಾಣಿ” ಎಂದರು ಅಪ್ಪ. “ಸ್ವಲ್ಪ ದೂರ ಹೋಗೋಣ. ಗಂಟು ತಗೊಂಡ್ಮೇಲೆ ತಕ್ಷಣ ಮನೆ ಕಡೆ ತಿರುಗಬಾರದು.”

ಕನ್ನಡಕ ಹಾಕಿಕೊಳ್ಳಿ ಎಂದೆ. ಸೀಮೆ ದಾಟದೆ ಬಿಚ್ಚುವ ಹಾಗಿಲ್ಲವಲ್ಲ ಎಂದು ಅವರೇ ಹೇಳಿದರು. ಅತ್ತೆ ಗೊನೆಯನ್ನು ಪಕ್ಕಕ್ಕೆ ಸರಿಸಿ ಕೂತರು. ಒಂದು ಸಲ ಬಿಚ್ಚಿದರೆ ಏನಂತೆ ಎಂದು ಅವರು ಹೇಳಿಯಾರೆಂದು ನಾನು ಕಾದೆ. ನಿಯಮ ಮಾಡಿದವರಿಗೂ ಕೆಲವು ಸಲ ಅದರಿಂದ ಹೊರಬರುವ ಬಾಗಿಲು ಗೊತ್ತಿರುವುದಿಲ್ಲ.

ಗವಿಪುರದಿಂದ ಮೇಲೆ ಹತ್ತಿ ಬಸವನಗುಡಿಗೆ ಬಂದೆವು. ಬ್ಯೂಗಲ್ ರಾಕ್ ಪಕ್ಕದ ಏರಿನಲ್ಲಿ ಜೀಪು ಕೆಮ್ಮಿ, ನಡುಗಿ, ನಿಂತುಹೋಯಿತು. ಕೊಡದಲ್ಲಿ ನೀರಿರಲಿಲ್ಲ. ನಾನು ಚಕ್ರದ ಮೇಲೆ ತಲೆಯಿಟ್ಟು ಕೂತೆ. ಸೂರ್ಯ ಆಗ ತಾನೇ ಮುಳುಗಿದ್ದ. ಮರ ತುಂಬ ನೇತಾಡುತ್ತಿದ್ದ ಬಾವಲಿಗಳು ಒಂದೊಂದಾಗಿ ಏಳುತ್ತಿದ್ದವು. ಮರಗಳ ನಡುವೆ ಆ ದೊಡ್ಡ ಬಂಡೆಗಳು ಬೂದು ಬೆನ್ನು ಮಾಡಿಕೊಂಡು, ಒಂದಕ್ಕೊಂದು ಒರಗಿ ನಿಂತಿದ್ದವು.

ಅಪ್ಪ ನನ್ನ ತೋಳನ್ನು ಮೆಲ್ಲಗೆ ಹಿಡಿದರು.

“ಸದ್ದು ಮಾಡ್ಬೇಡಿ” ಎಂದರು. “ಅಲ್ಲಿ ನಿಂತಿದಾವೆ.”

ನನಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಅಪ್ಪನ ಕಡೆ ನೋಡುವ ಧೈರ್ಯವಾಗಲಿಲ್ಲ. ಹಿಂದೆ ಅತ್ತೆ, ಅದು ಬಂಡೆ ಕಣೋ ಎನ್ನುವುದಕ್ಕೆ ಉಸಿರು ಎಳೆದುಕೊಂಡದ್ದು ಕೇಳಿಸಿತು. ಅಮ್ಮ ಅವರ ಕೈ ಒತ್ತಿ ಹಿಡಿದಳು.

“ಹೌದು” ಎಂದಳು ಅಮ್ಮ. “ಮೂರಿದಾವೆ. ಹಿಂದ್ಗಡೆ ಒಂದು ಮರಿ.”

“ಕಿವಿ ಆಡಿಸ್ತಿದಾವಾ?”

“ಆಡಿಸ್ತಿದಾವೆ.”

“ನೀರಿಗೆ ಬಂದಿರ್ಬೇಕು” ಎಂದರು ಅಪ್ಪ. ಗಂಟನ್ನು ಎರಡು ಕೈಯಲ್ಲೂ ಹಿಡಿದುಕೊಂಡು ಮುಂದಕ್ಕೆ ಬಾಗಿ ಕೂತಿದ್ದರು. ನಾವು ಉಸಿರು ಬಿಗಿಹಿಡಿದೆವು. ಎಷ್ಟು ಹೊತ್ತೋ ತಿಳಿಯದು. ಬಾವಲಿಗಳೆಲ್ಲ ಹಾರಿಹೋದವು, ಬಂಡೆಗಳು ಕತ್ತಲೆಯಲ್ಲಿ ಕರಗಿದವು. ಆಗ ರಸ್ತೆಯಾಚೆ ಕಡಲೆಕಾಯಿ ಹುರಿಯುವ ವಾಸನೆ ಬಂತು. ಅಪ್ಪ ಮೂಗರಳಿಸಿ, ಹಿಂದಕ್ಕೊರಗಿ, ಒಂದು ಪೊಟ್ಟಣ ತೆಗೆದುಕೊಂಡು ಬಾ ಎಂದರು.

ಇಲ್ಲಿಯೇ ನನಗೆ ಗೊಂದಲ, ಈಗಲೂ ಇದೆ. ಅದು ಬ್ಯೂಗಲ್ ರಾಕ್ ಎಂದು ಅಪ್ಪನಿಗೆ ಕಡಲೆಕಾಯಿ ವಾಸನೆ ಬಂದಾಗ ತಿಳಿಯಿತೋ, ಅಥವಾ ಮೊದಲಿನಿಂದಲೇ ಗೊತ್ತಿತ್ತೋ? ದಿನವೂ ವಾಕಿಂಗ್ ಹೋಗಿ ಕೂರುತ್ತಿದ್ದ ಬಂಡೆಗಳು ಅವು. ದಿನವಿಡೀ ನಾನು ಪಟ್ಟ ಪಾಡು ನೋಡಿ, ನನಗೋಸ್ಕರ ಆನೆ ನೋಡಿದರೋ? ಒಂದು ಕಡೆಯಿಂದ ಯೋಚಿಸಿದರೆ ನಾವು ಅವರಿಗೆ ತೋರಿಸಿದೆವು, ಇನ್ನೊಂದು ಕಡೆಯಿಂದ ಯೋಚಿಸಿದರೆ ಅವರು ನಮಗೆ ತೋರಿಸಿದರು. ಕೇಳಬಹುದಿತ್ತು. ಕಡಲೆಕಾಯಿ ತಿನ್ನುತ್ತ ಜೀಪನ್ನು ತಳ್ಳಿಕೊಂಡು ಮನೆಗೆ ಬಂದೆವು, ಯಾರೂ ಕೇಳಲಿಲ್ಲ. ಉಳಿದ ಬಾಳೆಹಣ್ಣನ್ನು ದಾರಿಯಲ್ಲಿ ತಳ್ಳಲು ಬಂದವರಿಗೆಲ್ಲ ಅತ್ತೆ ಹಂಚಿದರು.

ಸೀಮೆ ದಾಟದ ಗಂಟು ಮನೆಯೊಳಕ್ಕೆ ಬರುವಂತಿರಲಿಲ್ಲ. ಜಗಲಿಯ ಕಂಬದ ಮೊಳೆಗೆ ತೂಗುಹಾಕಿದೆವು. ಇನ್ನೊಂದು ಸಲ ಬಂಗಲೆ ಕೇಳೋಣ ಎನ್ನುತ್ತ ಮಳೆಗಾಲ ಕಳೆಯಿತು. ಯುಗಾದಿಯವರೆಗೆ ಎಂದು ಡಾಕ್ಟರು ಹೇಳಿದ್ದ ಬೆಳಕು ಸಂಕ್ರಾಂತಿಗೇ ಆರಿತು. ಅದಾದ ಮೇಲೆ ಅಪ್ಪ ಜಗಲಿಯಲ್ಲೇ ಹೆಚ್ಚಾಗಿ ಕೂರುತ್ತಿದ್ದರು, ಆ ಗಂಟಿನ ಕೆಳಗೆ. ಬಂದವರಿಗೆಲ್ಲ ಆನೆ ನೋಡಿದ ಕತೆ ಹೇಳುತ್ತಿದ್ದರು. ಎಲ್ಲಿ ಎಂದು ಯಾರಾದರೂ ಕೇಳಿದರೆ ಒಳಗಿದ್ದ ಅಮ್ಮನನ್ನು ಕೂಗಿ, ಮೂರು ಇದ್ದವಲ್ಲವೇ ಎನ್ನುತ್ತಿದ್ದರು. ಮೂರು, ಒಂದು ಮರಿ ಎಂದು ಅಮ್ಮ ಒಳಗಿನಿಂದಲೇ ಉತ್ತರ ಕೊಡುತ್ತಿದ್ದಳು. ಅಷ್ಟು ಹೇಳಿದ ದಿನ ಅವಳು ದೇವರ ಮುಂದೆ ಸ್ವಲ್ಪ ಹೆಚ್ಚು ಹೊತ್ತು ಕೂರುತ್ತಿದ್ದಳು. ಅದನ್ನು ನಾನು ಗಮನಿಸಿದ್ದೆ.

ಕೆಲವು ವರ್ಷಗಳ ಮೇಲೆ ಅಪ್ಪ ತೀರಿಕೊಂಡರು. ಕರ್ಮಗಳೆಲ್ಲ ಮುಗಿದು ನೆಂಟರು ಹೊರಟುಹೋದ ಮರುದಿನ ಜಗಲಿಯಲ್ಲಿ ನಾವು ಮೂವರೇ ಕೂತಿದ್ದೆವು. ಗಂಟು ಮೊಳೆಯಲ್ಲಿತ್ತು. ಬಟ್ಟೆಯ ಬಣ್ಣ ಬಿಸಿಲಿಗೆ ಹೋಗಿತ್ತು. ಅತ್ತೆ ಅದನ್ನು ನೋಡಿ, ನನ್ನನ್ನು ನೋಡಿದರು. ಅವರ ಪಂಚಾಂಗದಲ್ಲಿ ಅದಕ್ಕೆ ನಿಯಮವಿರಲಿಲ್ಲ.

“ಬಿಚ್ಚು ನಾಣಿ” ಎಂದಳು ಅಮ್ಮ. “ಈಗ ಸೀಮೆ ದಾಟಿದ್ರಲ್ಲ.”

ಬಿಚ್ಚಿದೆ. ಪಂಚೆ, ಉತ್ತರೀಯ, ತಂಬಿಗೆ, ಕನ್ನಡಕದ ಪೆಟ್ಟಿಗೆ. ಅಮ್ಮ ಕನ್ನಡಕವನ್ನು ತೆಗೆದು ಸೆರಗಿನಲ್ಲಿ ಒರೆಸಿದಳು. ಆಮೇಲೆ ನಾವು ಎಣಿಸದ ಕೆಲಸ ಮಾಡಿದಳು, ಅದನ್ನು ತನ್ನ ಕಣ್ಣಿಗೆ ಹಾಕಿಕೊಂಡು ಬೀದಿಯ ಕಡೆ ತಿರುಗಿದಳು. ಬೀದಿಯಲ್ಲಿ ಎದುರು ಮನೆ, ಒಂದು ಹೊಂಗೆ ಮರ, ನಿಂತಿದ್ದ ಎತ್ತಿನ ಗಾಡಿ. ಅವಳು ಬಹಳ ಹೊತ್ತು ನೋಡಿದಳು. ಏನಮ್ಮ ಕಾಣುತ್ತದೆ ಎಂದು ಕೇಳಿದೆ.

“ಯಾವುದೂ ನೆಟ್ಟಗೆ ಕಾಣಲ್ಲ. ಎಲ್ಲಾ ದೊಡ್ಡದಾಗಿ, ಮಬ್ಬಾಗಿ, ಅಲ್ಲಾಡ್ತಾ ಇದೆ” ಎಂದಳು. ಕನ್ನಡಕ ತೆಗೆಯಲಿಲ್ಲ. ಗಾಜಿನ ಕೆಳಗಿನಿಂದ ನೀರು ಇಳಿಯುತ್ತಿತ್ತು. “ಅವರಿಗೆ ನಿಜವಾಗ್ಲೂ ಆನೆ ಕಂಡಿತ್ತು ಕಣೋ. ಇಷ್ಟು ದಿನ ನಾನು ಸುಳ್ಳು ಹೇಳಿದೀನಿ ಅಂದ್ಕೊಂಡಿದ್ದೆ.”